ಡ್ಯೂರೆನ್‌ಮಾಟ್‌ ಅವರ ‘ದಿ ಪ್ಲೆಜ್’: ಹಳ್ಳಿಯ ಮಕ್ಕಳ ಕೊಲೆಯೂ ಊರಿಗೆ ಬಂದ ವ್ಯಾಪಾರಿಯೂ

ಓದಿನ ಕೂಟಕ್ಕೆ ಈ ಸಲ ಪತ್ತೇದಾರಿ ಕಾದಂಬರಿಯೊಂದನ್ನು ಆರಿಸಿದ್ದೇವೆ. ಪತ್ತೇದಾರಿ ಎಂದೊಡನೆ ನಮ್ಮ ಹಿರಿಯ ಸದಸ್ಯರಿಗೆ ಎನ್. ನರಸಿಂಹಯ್ಯನವರ ಪುಸ್ತಕಗಳು ನೆನಪಾಗುತ್ತವೆ. ಕೈಯಿಂದ ಕೈಗೆ ದಾಟಿ ರಟ್ಟು ಹರಿದ ಆ ಪುಸ್ತಕಗಳಲ್ಲಿ ಪತ್ತೇದಾರ ಪುರುಷೋತ್ತಮ ಏನೇ ಆದರೂ ಕೊನೆಗೆ ಕಳ್ಳನನ್ನು ಹಿಡಿದೇ ಹಿಡಿಯುತ್ತಿದ್ದ. ಈಗ ಹೇಳಹೊರಟಿರುವ ಪುಸ್ತಕದಲ್ಲಿ ಪತ್ತೇದಾರ ಪುರುಷೋತ್ತಮನಿಗಿಂತ ಕಡಿಮೆಯವನಲ್ಲ. ಅವನು ಹಾಕಿದ ಲೆಕ್ಕವೂ ಸರಿಯಾಗಿಯೇ ಇದೆ. ಆದರೂ ಕೊಲೆಗಾರ ಸಿಗುವುದಿಲ್ಲ.

ಸ್ವಿಟ್ಜರ್ಲೆಂಡಿನ ಫ್ರೀಡ್ರಿಶ್ ಡ್ಯೂರೆನ್‌ಮಾಟ್ ಜರ್ಮನ್ ಭಾಷೆಯಲ್ಲಿ ಬರೆದು 1958ರಲ್ಲಿ ಪ್ರಕಟಿಸಿದ ಸಣ್ಣ ಕಾದಂಬರಿ ಇದು. ಮೂಲ ಹೆಸರಿಗೆ ‘ಕೊಟ್ಟ ಮಾತು’ ಎಂದು ಅರ್ಥ. ಇಂಗ್ಲಿಷಿನಲ್ಲಿ ‘ದಿ ಪ್ಲೆಜ್’. ‘ಪತ್ತೇದಾರಿ ಕಾದಂಬರಿಗೊಂದು ಚರಮಗೀತೆ’ ಎಂಬರ್ಥದ ಉಪಶೀರ್ಷಿಕೆಯೂ ಇದೆ. ಲೇಖನದಲ್ಲಿ ಕಥೆಯ ಕೊನೆಯನ್ನೂ ಹೇಳುತ್ತೇವೆ. ಸಾಮಾನ್ಯವಾಗಿ ಹಾಗೆ ಮಾಡಬಾರದು, ಆದರೆ ಈ ಪುಸ್ತಕದ ವಿಷಯವೇ ಅದರ ಕೊನೆ. ಅದನ್ನು ಬಿಟ್ಟರೆ ಹೇಳಲು ಏನೂ ಉಳಿಯುವುದಿಲ್ಲ.

ಲೇಖಕರ ಬಗ್ಗೆ ಒಂದು ಮಾತು. ಡ್ಯೂರೆನ್‌ಮಾಟ್ ಹುಟ್ಟಿದ್ದು 1921ರಲ್ಲಿ, ಬರ್ನ್ ಪ್ರಾಂತ್ಯದ ಕೊನೊಲ್ಫಿಂಗೆನ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. 1952ರಿಂದ 1990ರಲ್ಲಿ ತೀರಿಕೊಳ್ಳುವವರೆಗೆ ಅವರು ಬಾಳಿದ್ದು ನ್ಯೂಶಾಟೆಲ್‌ನಲ್ಲಿ. ಅದು ಫ್ರೆಂಚ್ ಮಾತಾಡುವ ಊರು. ಸುತ್ತ ಬೇರೆ ಭಾಷೆ ಇದ್ದರೂ ಮನೆಯೊಳಗೆ ಕೂತು ತಮ್ಮ ಭಾಷೆಯಲ್ಲೇ ಬರೆದರು. ಸೊಲ್ಲಾಪುರದಲ್ಲೋ ಕಾಸರಗೋಡಿನಲ್ಲೋ ಅದವಾನಿಯಲ್ಲೋ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಥೆ. ಜ್ಯೂರಿಕ್ ನಗರದ ಹತ್ತಿರ ಮೇಗೆಂಡೋರ್ಫ್ ಎಂಬ ಹಳ್ಳಿ (ಊರು ಕಲ್ಪನೆಯದು). ಗ್ರಿಟ್ಲಿ ಮೋಸರ್ ಎಂಬ ಪುಟ್ಟ ಹುಡುಗಿ ಕಾಡಿನಲ್ಲಿ ಕೊಲೆಯಾಗಿ ಬಿದ್ದಿದ್ದಾಳೆ. ಶವವನ್ನು ಮೊದಲು ಕಂಡವನು ಫಾನ್ ಗುಂಟೆನ್, ಬುಟ್ಟಿ ಹೊತ್ತು ಊರೂರು ತಿರುಗಿ ಸಾಮಾನು ಮಾರುವವನು. ಅವನೇ ಪೊಲೀಸರಿಗೆ ಫೋನ್ ಮಾಡುತ್ತಾನೆ. ಫೋನ್ ಎತ್ತಿಕೊಂಡವನು ಮತ್ತೇಯಿ, ಜ್ಯೂರಿಕ್ ಪೊಲೀಸಿನಲ್ಲೇ ಅತಿ ಜಾಣ ಅಧಿಕಾರಿ. ಕೆಲಸದಲ್ಲಿ ಅಚ್ಚುಕಟ್ಟು, ಆದರೆ ಯಾರಿಗೂ ಬೇಕಾದವನಲ್ಲ. ಜೋರ್ಡಾನ್ ದೇಶದ ಪೊಲೀಸ್ ಇಲಾಖೆಯನ್ನು ಸರಿಪಡಿಸುವ ಕೆಲಸಕ್ಕೆ ಅವನಿಗೆ ಆಹ್ವಾನ ಬಂದಿದೆ, ಇಲ್ಲಿಯ ಟೇಬಲ್ ಖಾಲಿ ಮಾಡುತ್ತಿದ್ದಾನೆ.

ಮಗುವಿನ ತಂದೆತಾಯಿಗೆ ಸುದ್ದಿ ಮುಟ್ಟಿಸಲು ಯಾರಿಗೂ ಧೈರ್ಯವಿಲ್ಲ, ಮತ್ತೇಯಿಯೇ ಹೋಗುತ್ತಾನೆ. ಆ ತಾಯಿ ಹೆಚ್ಚು ಅಳುವುದಿಲ್ಲ. ಕೊಂದವನನ್ನು ಹಿಡಿಯುತ್ತೇನೆಂದು ಮಾತು ಕೊಡುತ್ತೀರಾ ಎಂದು ಕೇಳುತ್ತಾಳೆ. ಆ ಮನೆಯಿಂದ ಬೇಗ ಹೊರಬಿದ್ದರೆ ಸಾಕು ಎನ್ನುವ ಸ್ಥಿತಿಯಲ್ಲಿದ್ದ ಮತ್ತೇಯಿ ‘ಹೂಂ’ ಎಂದುಬಿಡುತ್ತಾನೆ. ಪುಸ್ತಕದ ಹೆಸರಿನ ‘ಕೊಟ್ಟ ಮಾತು’ ಇದೇ.

ನಮ್ಮ ಓದುಗರು ನಿಧಾನವಾಗಿ ಓದಬೇಕಾದ ಭಾಗ ಇದರ ನಂತರ ಬರುತ್ತದೆ. ಸುದ್ದಿ ಊರಿಗೆ ತಿಳಿದಿದೆ. ಊರಿನ ಛತ್ರದಂಥ ಒಂದು ಕಟ್ಟಡದಲ್ಲಿ ಪೊಲೀಸರು ವ್ಯಾಪಾರಿಯನ್ನು ಕೂಡಿಸಿಕೊಂಡಿದ್ದಾರೆ, ಹೊರಗೆ ರೈತರು ಗುಂಪುಗೂಡಿದ್ದಾರೆ. ಅವರು ಕೂಗಾಡುವುದಿಲ್ಲ, ಸುಮ್ಮನೆ ದಾರಿ ಕಟ್ಟಿ ನಿಂತಿದ್ದಾರೆ. ‘ಅವನನ್ನು ನಮಗೆ ಕೊಡಿ’ ಎನ್ನುವುದಷ್ಟೇ ಅವರ ಬೇಡಿಕೆ. ಕೆಳಗಿನ ಅಧಿಕಾರಿಗಳು ಹೆದರಿ ಹೆಚ್ಚಿನ ಪೊಲೀಸರನ್ನು ಕರೆಸುವ ಯೋಚನೆಯಲ್ಲಿದ್ದಾರೆ. ಮತ್ತೇಯಿ ಗದರಿಸುವುದಿಲ್ಲ, ಲಾಠಿ ಎತ್ತಿಸುವುದಿಲ್ಲ. ಗುಂಪಿನ ಎದುರು ನಿಂತು, ನ್ಯಾಯ ಮಾಡಲು ಹೊರಟಿದ್ದೀರಿ, ಒಳ್ಳೆಯದು, ಅವನೇ ಕೊಂದದ್ದು ಎಂದು ನನಗೆ ತೋರಿಸಿಕೊಡಿ, ಒಪ್ಪಿಸಿಬಿಡುತ್ತೇನೆ ಎಂದು ಹೇಳುತ್ತಾನೆ. ಯಾರು ಏನು ನೋಡಿದಿರಿ, ಎಲ್ಲಿ ನಿಂತು ನೋಡಿದಿರಿ ಎಂದು ಒಂದೊಂದಾಗಿ ಕೇಳುತ್ತ ಹೋಗುತ್ತಾನೆ. ಕೇಳಿದಷ್ಟೂ ಗುಂಪಿನ ಖಾತ್ರಿ ಸಡಿಲವಾಗುತ್ತದೆ. ಕಡೆಗೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಜೀಪು ಹೊರಡುತ್ತದೆ.

ಹೀಗೆ ಊರಿನವರ ಕೈಯಿಂದ ಪಾರಾದ ವ್ಯಾಪಾರಿ ಉಳಿದನೇ ಎಂದರೆ, ಉಳಿಯಲಿಲ್ಲ. ಹಿಂದೆ ಹದಿನಾಲ್ಕು ವರ್ಷದ ಹುಡುಗಿಯ ವಿಷಯದಲ್ಲಿ ಅವನಿಗೆ ಶಿಕ್ಷೆಯಾಗಿತ್ತು. ಮತ್ತೇಯಿಯ ಜಾಗಕ್ಕೆ ಬಂದ ಹೆಂಜಿ ಎಂಬ ಅಧಿಕಾರಿಗೆ ಅಷ್ಟೇ ಸಾಕಾಯಿತು. ಇಪ್ಪತ್ತು ತಾಸು ಬಿಡದೆ ವಿಚಾರಣೆ ಮಾಡುತ್ತಾರೆ. ಹೊಡೆಯುವುದಿಲ್ಲ, ಕೇಳಿದ್ದನ್ನೇ ಕೇಳುತ್ತಾರೆ. ನಿದ್ದೆಗೆಟ್ಟ ಮನುಷ್ಯ ಕಡೆಗೆ ‘ನಾನೇ ಕೊಂದೆ’ ಎನ್ನುತ್ತಾನೆ. ಅಂದು ರಾತ್ರಿಯೇ ಕೋಣೆಯಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಒಪ್ಪಿಕೊಂಡಿದ್ದಾನೆ, ಸತ್ತಿದ್ದಾನೆ, ಹಾಗಾಗಿ ಕಡತ ಮುಚ್ಚಿತು. ಊರಿಗೂ ಸಮಾಧಾನ, ಇಲಾಖೆಗೂ ಸಮಾಧಾನ.

ಇಷ್ಟರಲ್ಲಿ ಮತ್ತೇಯಿ ಊರಿನ ಶಾಲೆಗೆ ಹೋಗಿ ಬಂದಿದ್ದಾನೆ. ಗ್ರಿಟ್ಲಿ ಸಾಯುವ ಮುಂಚೆ ಬಿಡಿಸಿದ ಚಿತ್ರವೊಂದು ಅಲ್ಲಿದೆ. ಎತ್ತರದ ಮನುಷ್ಯ, ಕಪ್ಪು ಕಾರು, ಪುಟ್ಟ ಹುಡುಗಿ, ಮುಳ್ಳುಮುಳ್ಳಾದ ಸಣ್ಣ ಗುಂಡುಗಳು, ಜೊತೆಗೆ ಕೊಂಬಿನ ಪ್ರಾಣಿ. ತನಗೊಬ್ಬ ‘ಮುಳ್ಳುಹಂದಿ ದೈತ್ಯ’ ಸಿಗುತ್ತಾನೆ, ಮುಳ್ಳುಹಂದಿ ಕೊಡುತ್ತಾನೆ ಎಂದು ಗೆಳತಿಯ ಹತ್ತಿರ ಹೇಳಿಕೊಂಡಿದ್ದಳು. ದೊಡ್ಡವರು ಇದನ್ನೆಲ್ಲ ಮಕ್ಕಳಾಟ ಎಂದು ತಳ್ಳಿಹಾಕುತ್ತಾರೆ. ಮತ್ತೇಯಿ ಮಾತ್ರ ಆ ಚಿತ್ರವನ್ನು ಸಾಕ್ಷಿಯ ಹೇಳಿಕೆಯಂತೆ ಓದುತ್ತಾನೆ. ಮುಳ್ಳುಗುಂಡುಗಳು ಒಂದು ಬಗೆಯ ಚಾಕೊಲೇಟು, ಕೊಂಬಿನ ಪ್ರಾಣಿ ಗ್ರಾಬ್ಯೂಂಡೆನ್ ಪ್ರಾಂತ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲಿರುವ ಕಾಡುಮೇಕೆಯ ಲಾಂಛನ ಎಂದು ಅವನು ನಿರ್ಧರಿಸುತ್ತಾನೆ. ಅಂದರೆ ಮಗು ಆ ಮನುಷ್ಯನನ್ನು ಮೊದಲೇ, ಹಲವು ಸಲ, ಭೇಟಿಯಾಗಿದ್ದಳು. ತನಗೆ ತಿಳಿದ ರೀತಿಯಲ್ಲಿ ಎಲ್ಲರಿಗೂ ಹೇಳಿಯೂ ಇದ್ದಳು.

ವಿಮಾನ ನಿಲ್ದಾಣದಲ್ಲಿ ಜೋರ್ಡಾನಿನ ವಿಮಾನ ಹತ್ತುವ ಮುನ್ನ ಅಲ್ಲಿದ್ದ ಮಕ್ಕಳ ಗುಂಪನ್ನು ಕಂಡು ಮತ್ತೇಯಿ ಹಿಂದಿರುಗುತ್ತಾನೆ. ಈಗ ಅವನು ಪೊಲೀಸನಲ್ಲ. ಹುದ್ದೆ ಬೇರೆಯವನ ಪಾಲಾಗಿದೆ, ಕಡತ ಮುಚ್ಚಿದೆ. ಅವನ ಕೈಯಲ್ಲಿರುವ ಸುಳಿವು ಏನೆಂದರೆ, ಹಿಂದಿನ ವರ್ಷಗಳಲ್ಲಿ ಇದೇ ರೀತಿ, ರೇಜರ್ ಕತ್ತಿಯಿಂದ, ಇನ್ನಿಬ್ಬರು ಹುಡುಗಿಯರ ಕೊಲೆಯಾಗಿದೆ. ಒಂದು ಸೇಂಟ್ ಗಾಲೆನ್ ಪ್ರಾಂತ್ಯದಲ್ಲಿ, ಇನ್ನೊಂದು ಶ್ವೀಟ್ಸ್ ಪ್ರಾಂತ್ಯದಲ್ಲಿ, ಈಗ ಮೂರನೆಯದು ಜ್ಯೂರಿಕ್‌ನಲ್ಲಿ.

ಗಡಿಯವರಾದ ನಾವು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಸ್ವಿಟ್ಜರ್ಲೆಂಡಿನಲ್ಲಿ ಇಂದು 26 ಪ್ರಾಂತ್ಯಗಳಿವೆ (ಅಲ್ಲಿ ಅವಕ್ಕೆ ಕ್ಯಾಂಟನ್ ಎನ್ನುತ್ತಾರೆ), ಒಂದೊಂದಕ್ಕೂ ತನ್ನದೇ ಪೊಲೀಸ್ ಇದೆ. ಮೂರು ಕೊಲೆಗಳು ಮೂರು ಪೊಲೀಸರ ಮೂರು ಕಡತಗಳಲ್ಲಿ ಬೇರೆ ಬೇರೆಯಾಗಿ ಕೂತಿದ್ದವು. ಮೂವರು ಹುಡುಗಿಯರಿಗೂ ಹೊಂಬಣ್ಣದ ಜಡೆ, ಕೆಂಪು ಲಂಗ. ಇದನ್ನು ಒಟ್ಟಿಗಿಟ್ಟು ನೋಡಿದವನು ಮತ್ತೇಯಿ. ‘ಇದು ನಮ್ಮ ಠಾಣೆಯ ಸರಹದ್ದಿಗೆ ಬರೋದಿಲ್ಲ’ ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎನ್ನುವುದು ರಾಜ್ಯದ ಗೆರೆಯ ಮೇಲೆ ಬದುಕುವವರಿಗೆ ಗೊತ್ತು. ಈಗ ನಮ್ಮ ದೇಶದಲ್ಲಿ ಇದಕ್ಕೊಂದು ದಾರಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಗಂಭೀರ ಅಪರಾಧದ ದೂರನ್ನು ಅದು ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಕೊಡಬಹುದು. ಜನ ಇದನ್ನು ‘ಝೀರೋ ಎಫ್‌ಐಆರ್’ ಎನ್ನುತ್ತಾರೆ. ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆ ಎಲ್ಲ ರಾಜ್ಯಗಳಿಗೂ ಒಂದೇ.

ಕಥೆಗೆ ಬರೋಣ. ಗ್ರಾಬ್ಯೂಂಡೆನ್‌ನಿಂದ ಜ್ಯೂರಿಕ್‌ಗೆ ಕಾರಿನಲ್ಲಿ ಬರುವವನು ಒಂದೇ ಹೆದ್ದಾರಿಯಲ್ಲಿ ಬರಬೇಕು ಎಂದು ಲೆಕ್ಕ ಹಾಕಿದ ಮತ್ತೇಯಿ, ಖೂರ್ ಪಟ್ಟಣದ ಹತ್ತಿರ ಆ ರಸ್ತೆಯ ಮೇಲೊಂದು ಪೆಟ್ರೋಲ್ ಬಂಕನ್ನು ವಹಿಸಿಕೊಳ್ಳುತ್ತಾನೆ. ಜಾಗ ಸಿಕ್ಕಿತು. ಮೀನು ಹಿಡಿಯಲು ಜಾಗ ಒಂದಿದ್ದರೆ ಸಾಲದು, ಗಾಳಕ್ಕೆ ಎರೆಯೂ ಬೇಕು. ಮನೆಗೆಲಸಕ್ಕೆಂದು ಒಬ್ಬಳನ್ನು ಇಟ್ಟುಕೊಳ್ಳುತ್ತಾನೆ. ಅವಳಿಗೊಬ್ಬ ಪುಟ್ಟ ಮಗಳು, ಅನ್ನೆಮಾರಿ, ಹೊಂಬಣ್ಣದ ಜಡೆಯವಳು. ಮತ್ತೇಯಿ ಅವಳಿಗೆ ಕೆಂಪು ಲಂಗ ತಂದುಕೊಡುತ್ತಾನೆ, ಕಥೆ ಹೇಳುತ್ತಾನೆ, ಶಾಲೆಗೆ ಕಳಿಸುತ್ತಾನೆ, ರಸ್ತೆಗೆ ಕಾಣುವಂತೆ ಆಡಲು ಬಿಡುತ್ತಾನೆ. ಹುಡುಗಿಗೆ ಅವನೆಂದರೆ ಪ್ರಾಣ. ತಾಯಿಗೆ ಇದಾವುದರ ಅರಿವಿಲ್ಲ.

ಇಲ್ಲಿ ನಮ್ಮ ಹೊಟ್ಟೆ ತೊಳಸುತ್ತದೆ. ಸತ್ತ ಮಗುವಿನ ತಾಯಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಇನ್ನೊಬ್ಬ ತಾಯಿಯ ಮಗುವನ್ನು ಗಾಳಕ್ಕೆ ಕಟ್ಟಿದ್ದಾನಲ್ಲ! ಪುಸ್ತಕ ಇದನ್ನು ಮುಚ್ಚುವುದಿಲ್ಲ. ಒಂದು ದಿನ ಅನ್ನೆಮಾರಿಯ ಬಳಿ ಆ ಮುಳ್ಳುಗುಂಡು ಚಾಕೊಲೇಟು ಕಾಣಿಸುತ್ತದೆ. ಕಾಡಿನಲ್ಲಿ ಯಾರೋ ಮಾಂತ್ರಿಕ ಸಿಕ್ಕಿದನಂತೆ. ಅಂದರೆ ಲೆಕ್ಕ ಸರಿಯಾಗಿದೆ, ಕೊಲೆಗಾರ ಬಂದಿದ್ದಾನೆ. ಹಳೆಯ ಸಹೋದ್ಯೋಗಿಗಳು ಬಂದು ಕಾಡಿನಲ್ಲಿ ಅಡಗಿ ಕೂರುತ್ತಾರೆ. ಒಂದು ದಿನ, ಎರಡು ದಿನ, ವಾರ ಕಳೆಯುತ್ತದೆ. ಹುಡುಗಿ ದಿನವೂ ಬಂದು ಕಾಯುತ್ತಾಳೆ, ಯಾರೂ ಬರುವುದಿಲ್ಲ. ತಾಳ್ಮೆ ಕಳೆದುಕೊಂಡ ದೊಡ್ಡ ಮನುಷ್ಯರು ಮಗುವನ್ನು ಹಿಡಿದು ಗದರಿಸುತ್ತಾರೆ, ಹೊಡೆಯುತ್ತಾರೆ. ಮಕ್ಕಳನ್ನು ಕಾಯಲು ಬಂದವರ ಕೈಯೇ ಮಗುವಿನ ಮೇಲೆ ಬೀಳುವ ಆ ಪುಟ ಇಡೀ ಪುಸ್ತಕದಲ್ಲಿ ಅತಿ ಕಠಿಣವಾದದ್ದು. ತಾಯಿಗೆ ಆಗ ಎಲ್ಲ ಅರ್ಥವಾಗುತ್ತದೆ.

ಎಲ್ಲರೂ ಹೊರಟುಹೋಗುತ್ತಾರೆ. ಮತ್ತೇಯಿ ಮಾತ್ರ ಕುಳಿತೇ ಇರುತ್ತಾನೆ. ವರ್ಷಗಳು ಕಳೆಯುತ್ತವೆ. ಅವನು ಕುಡುಕನಾಗುತ್ತಾನೆ, ಬಂಕಿನ ಮುಂದಿನ ಬೆಂಚಿನ ಮೇಲೆ ಕೂತು ‘ಬರುತ್ತಾನೆ, ಬಂದೇ ಬರುತ್ತಾನೆ’ ಎಂದು ಗೊಣಗುತ್ತಿರುತ್ತಾನೆ.

ಹಾಗಾದರೆ ಕೊಂದವನು ಯಾರು? ಇದು ಗೊತ್ತಾಗುವುದು ಬಹಳ ವರ್ಷಗಳ ನಂತರ, ಆಸ್ಪತ್ರೆಯಲ್ಲಿ ಸಾಯುತ್ತಿರುವ ಒಬ್ಬ ಮುದುಕಿಯ ಬಾಯಿಂದ. ಶ್ರೀಮಂತ, ಮರ್ಯಾದಸ್ತ ಮನೆತನದ ಹೆಣ್ಣುಮಗಳು. ಹಳೆಯ ಪೊಲೀಸ್ ಮುಖ್ಯಸ್ಥರನ್ನು ಹಾಸಿಗೆಯ ಬಳಿ ಕರೆಸಿಕೊಂಡು, ಬಂಧುಬಳಗದ ಸುದ್ದಿ ಹೇಳುವ ಧಾಟಿಯಲ್ಲೇ ಮಾತು ಶುರುಮಾಡುತ್ತಾಳೆ. ತನಗಿಂತ ತುಂಬ ಚಿಕ್ಕವನೂ ತನ್ನ ಮನೆಯಲ್ಲೇ ಕೆಲಸಕ್ಕಿದ್ದವನೂ ಆದ ಆಲ್ಬರ್ಟ್ ಎಂಬುವನನ್ನು ಅವಳು ಮದುವೆಯಾಗಿದ್ದಳು. ಒಳ್ಳೆಯವನು, ಸ್ವಲ್ಪ ಮಂಕು. ಮೊದಲ ಕೊಲೆಯಾದಾಗಲೇ ಅವಳಿಗೆ ಗೊತ್ತಾಗಿತ್ತು. ಬೈದಳು, ಇನ್ನು ಹೀಗೆ ಮಾಡಬಾರದು ಎಂದಳು, ಸುಮ್ಮನಾದಳು. ಎರಡನೆಯದು ಆಯಿತು, ಮೂರನೆಯದೂ ಆಯಿತು. ಪ್ರತಿ ಸಲವೂ ಮನೆಯ ಮಾನ ಅಡ್ಡ ಬಂತು. ನಾಲ್ಕನೆಯ ಹುಡುಗಿ ಅನ್ನೆಮಾರಿ. ಅವಳನ್ನು ಕೊಲ್ಲಲು ಹೊರಟ ದಿನ ಅವನ ಕಾರು ಲಾರಿಗೆ ಡಿಕ್ಕಿಯಾಗಿ ಅವನು ದಾರಿಯಲ್ಲೇ ಸತ್ತ. ಪೊಲೀಸರು ಕಾಡಿನಲ್ಲಿ ಕಾಯುತ್ತಿದ್ದದ್ದು ಸತ್ತವನಿಗಾಗಿ.

ಹಳೆಯ ಮುಖ್ಯಸ್ಥರು ಈ ಸುದ್ದಿಯನ್ನು ಹೊತ್ತು ಪೆಟ್ರೋಲ್ ಬಂಕಿಗೆ ಹೋಗುತ್ತಾರೆ. ಮತ್ತೇಯಿಗೆ ಅದು ಅರ್ಥವಾಗುವ ಹಂತ ದಾಟಿಹೋಗಿದೆ.

ಆ ಲಾರಿಯ ಅಪಘಾತವನ್ನು ಹಲವರು ಆಕ್ಷೇಪಿಸುತ್ತಾರೆ. ಲೇಖಕರು ತಮಗೆ ಬೇಕಾದಲ್ಲಿ ಆಕಸ್ಮಿಕ ತಂದುಹಾಕಿದರು ಎನ್ನುವುದು ದೂರು. ಡ್ಯೂರೆನ್‌ಮಾಟ್ ಬೇಕೆಂದೇ ಹಾಗೆ ಮಾಡಿದ್ದಾರೆ. ಪತ್ತೇದಾರಿ ಕಥೆಗಳಲ್ಲಿ ಜೀವನ ಚದುರಂಗದ ಹಾಗೆ ನಡೆಯುತ್ತದೆ, ನಿಜದಲ್ಲಿ ಯಾವ ಲೆಕ್ಕವನ್ನೂ ಒಂದು ಲಾರಿ ಕೆಡಿಸಬಹುದು ಎಂದು ಅವರ ವಾದ. ಕಥೆಯ ಹುಟ್ಟಿನಲ್ಲೂ ಈ ಜಗಳ ಇದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಬಗ್ಗೆ ಜನರನ್ನು ಎಚ್ಚರಿಸುವ ಸಿನಿಮಾ ಬೇಕೆಂದು ನಿರ್ಮಾಪಕ ಲಾಜಾರ್ ವೆಕ್ಸ್‌ಲರ್ ಕೇಳಿದ್ದಕ್ಕೆ ಡ್ಯೂರೆನ್‌ಮಾಟ್ ಮೊದಲು ಚಿತ್ರಕಥೆ ಬರೆದರು. ಲಾಡಿಸ್ಲಾವ್ ವಾಯ್ಡಾ ನಿರ್ದೇಶಿಸಿದ ಆ ಸಿನಿಮಾ 1958ರಲ್ಲಿ ಬಂತು. ಅದರಲ್ಲಿ ಕೊಲೆಗಾರ ಸಿಗುತ್ತಾನೆ. ಆ ಮುಗಿತಾಯ ಅವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅದೇ ಕಥೆಯನ್ನು ಬೇರೆ ಕೊನೆಯೊಂದಿಗೆ ಕಾದಂಬರಿಯಾಗಿ ಬರೆದರು.

ಆದರೆ ನಮ್ಮ ಅನಿಸಿಕೆಯಲ್ಲಿ ಈ ಪುಸ್ತಕದ ಸತ್ವ ಇರುವುದು ಲಾರಿಯಲ್ಲಿ ಅಲ್ಲ, ಮುದುಕಿಯಲ್ಲಿ. ಪ್ರಕರಣ ಬಗೆಹರಿಯಲಿಲ್ಲ ಎನ್ನುತ್ತೇವೆ. ಅದರರ್ಥ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಒಂದು ದೊಡ್ಡ ಮನೆಯೊಳಗೆ ಮೊದಲ ದಿನದಿಂದಲೇ ಗೊತ್ತಿತ್ತು. ಊರು ನೋಡಿದ್ದು ಬುಟ್ಟಿ ಹೊತ್ತು ರಸ್ತೆಯಲ್ಲಿ ನಡೆಯುತ್ತಿದ್ದವನನ್ನು. ದೊಡ್ಡ ಮನೆಯ ಬಾಗಿಲು ಬಡಿದು ಕೇಳುವ ಯೋಚನೆ ಯಾರಿಗೂ ಬರಲಿಲ್ಲ.

ಇದು ದೂರದ ಸ್ವಿಟ್ಜರ್ಲೆಂಡಿನ ಮಾತು ಎಂದು ಪಕ್ಕಕ್ಕಿಡಲು ನಮಗೆ ಆಗಲಿಲ್ಲ. ನಮ್ಮ ಊರುಗಳಲ್ಲೂ ಬುಡುಬುಡಿಕೆಯವರು, ಬಳೆಗಾರರು, ಪಾತ್ರೆಗೆ ಕಲಾಯಿ ಹಾಕುವವರು ಬರುತ್ತಾರೆ. ಊಟ ಮಾಡದ ಮಗುವಿಗೆ ‘ಜೋಳಿಗೆಯವನು ಹಿಡಿದುಕೊಂಡು ಹೋಗ್ತಾನೆ ನೋಡು’ ಎಂದು ಹೆದರಿಸದ ಮನೆ ಯಾವುದು? ಎಲ್ಲೋ ಸೇತುವೆ ಕಟ್ಟುತ್ತಿದ್ದಾರೆ, ಬಲಿಗೆ ಮಕ್ಕಳನ್ನು ಹಿಡಿಯುತ್ತಿದ್ದಾರೆ ಎಂಬ ಪುಕಾರು ನಮ್ಮ ಅಜ್ಜಿಯರ ಕಾಲದಿಂದಲೂ ಇದೆ. 2018ರಲ್ಲಿ ಅದು ವಾಟ್ಸಾಪ್‌ಗೆ ಬಂತು. ಆ ವರ್ಷದ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯಲ್ಲಿ, ಭಿಕ್ಷೆಗೆ ಹೋಗಿದ್ದ ಅಲೆಮಾರಿ ಸಮುದಾಯದ ಐವರನ್ನು ಮಕ್ಕಳ ಕಳ್ಳರೆಂದು ಜನ ಗ್ರಾಮ ಪಂಚಾಯಿತಿಯ ಕೋಣೆಯೊಳಗೆ ಕೂಡಿ ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಗುಂಪು ಕೊಂದಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಚಾಕೊಲೇಟ್ ಕೊಟ್ಟರು, ಹೊರಗಿನವರು, ಕಾರು ಇದೆ, ಅಷ್ಟರಿಂದ ಕಥೆ ಹೆಣೆದು ಮುಗಿದಿತ್ತು. ಮೇಗೆಂಡೋರ್ಫಿನ ಗುಂಪಿನ ಎದುರು ನಿಂತು ‘ಯಾರು ಏನು ನೋಡಿದಿರಿ, ಎಲ್ಲಿ ನಿಂತು ನೋಡಿದಿರಿ’ ಎಂದು ಕೇಳಿದವನ ಬೆಲೆ ಈ ಎರಡು ಊರುಗಳನ್ನು ನೆನೆದಾಗ ತಿಳಿಯುತ್ತದೆ. ಆ ದಿನಗಳಲ್ಲಿ ನಮ್ಮ ಪೊಲೀಸರಲ್ಲೂ ಗುಂಪಿನ ನಡುವೆ ಹೋಗಿ ಜನರನ್ನು ಉಳಿಸಲು ಹೆಣಗಿದವರು, ಪೆಟ್ಟು ತಿಂದವರು ಇದ್ದರು.

ಇತ್ತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ತೆಗೆದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣಗಳಲ್ಲಿ ವರ್ಷವರ್ಷವೂ ಆರೋಪಿಗಳ ಬಹುಪಾಲು ಮಗುವಿಗೆ ಪರಿಚಿತರೇ. ಮನೆಯವರು, ನೆರೆಯವರು, ಬಂಧುಗಳು. 2012ರ ಪೋಕ್ಸೊ ಕಾಯಿದೆಯಲ್ಲಿ ಇಂಥ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಶಿಕ್ಷಾರ್ಹ. ಆ ಮುದುಕಿ ಇಂದು ನಮ್ಮಲ್ಲಿದ್ದು ಹೀಗೆ ಬಾಯಿ ಮುಚ್ಚಿಕೊಂಡಿದ್ದರೆ ಅವಳೂ ತಪ್ಪಿತಸ್ಥೆ.

ವ್ಯಾಪಾರಿಯ ಒಪ್ಪಿಗೆಯ ಬಗ್ಗೆಯೂ ಒಂದು ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯಿದೆಯ 25ನೇ ಕಲಮು ಹೇಳುತ್ತಿತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಮು. ‘ಕಳ್ಳ ಒಪ್ಪಿಕೊಂಡ ಮೇಲೂ ಕೋರ್ಟು ಬಿಟ್ಟುಬಿಡ್ತು’ ಎಂದು ಜನ ಗೊಣಗುವುದನ್ನು ಕೇಳಿದ್ದೇವೆ. ಈ ನಿಯಮ ಏಕಿದೆ ಎಂದು ಯಾರಿಗಾದರೂ ವಿವರಿಸಬೇಕಾದರೆ ಫಾನ್ ಗುಂಟೆನ್‌ನ ಇಪ್ಪತ್ತು ತಾಸುಗಳ ಅಧ್ಯಾಯ ಓದಿಸಿದರೆ ಸಾಕು.

ಪುಸ್ತಕಕ್ಕೆ ಕೊರತೆಗಳಿಲ್ಲ ಎಂದಲ್ಲ. ಹೆಣ್ಣು ಪಾತ್ರಗಳನ್ನು ಲೇಖಕರು ಅವಸರದಲ್ಲಿ ಗೆರೆ ಎಳೆದು ಬಿಟ್ಟಿದ್ದಾರೆ. ಅನ್ನೆಮಾರಿಯ ತಾಯಿಗೆ ಸಿಕ್ಕಿರುವ ಪುಟಗಳು ತೀರ ಕಡಿಮೆ, ಅವಳ ಸಿಟ್ಟನ್ನು ಇನ್ನಷ್ಟು ಕೇಳಬೇಕಿತ್ತು ಎನಿಸುತ್ತದೆ. ಇಡೀ ಕಥೆಯನ್ನು ಹಳೆಯ ಪೊಲೀಸ್ ಮುಖ್ಯಸ್ಥರು ಪತ್ತೇದಾರಿ ಕಾದಂಬರಿಕಾರನೊಬ್ಬನಿಗೆ ಕಾರಿನಲ್ಲಿ ಹೋಗುತ್ತ ಹೇಳುವಂತೆ ಕಟ್ಟಲಾಗಿದೆ. ಮೊದಲ ಕೆಲವು ಪುಟಗಳಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಗೊಂದಲವಾದರೆ ಬಿಡದೆ ಮುಂದೆ ಹೋಗಿ, ಮೇಗೆಂಡೋರ್ಫ್ ಬಂದ ಮೇಲೆ ಸರಾಗ.

ಇಂಗ್ಲಿಷಿನಲ್ಲಿ ಎರಡು ಅನುವಾದಗಳಿವೆ: ರಿಚರ್ಡ್ ಮತ್ತು ಕ್ಲಾರಾ ವಿನ್‌ಸ್ಟನ್ ದಂಪತಿಯದು ಹಳೆಯದು, ಜೋಯಲ್ ಏಜಿ ಅವರದು ಹೊಸದು. ಎರಡರಲ್ಲಿ ಯಾವುದು ಕೈಗೆ ಸಿಕ್ಕರೂ ಸರಿ. 2001ರಲ್ಲಿ ಶಾನ್ ಪೆನ್ ಇದೇ ಕಥೆಯನ್ನು ಅಮೆರಿಕದ ನೆವಾಡಾಗೆ ಒಯ್ದು ‘ದಿ ಪ್ಲೆಜ್’ ಎಂಬ ಸಿನಿಮಾ ಮಾಡಿದರು. ಪತ್ತೇದಾರನ ಪಾತ್ರದಲ್ಲಿ ಜ್ಯಾಕ್ ನಿಕಲ್ಸನ್ ಇದ್ದಾರೆ, ಕೊನೆಯನ್ನು ಮೃದು ಮಾಡಿಲ್ಲ. ಕೂಟಕ್ಕೆ ಬರುವವರು ಪುಸ್ತಕವನ್ನೇ ಮೊದಲು ಓದಿಕೊಂಡು ಬನ್ನಿ. ಸಿನಿಮಾ ಆಮೇಲೆ ನೋಡಿದರಾಯಿತು.